ಸದ್ದಿಲ್ಲದ ಬೆಲ್ಟು

ನನ್ನ ಸೋದರಮಾವ ಬರುವುದು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಕೇಳುತ್ತಿತ್ತು. ಅವರ ಸೊಂಟದ ಬೆಲ್ಟಿಗೆ ಒಂದು ದೊಡ್ಡ ಕಬ್ಬಿಣದ ಬಳೆ, ಬಳೆಯ ತುಂಬ ಬೀಗದ ಕೈಗಳು. ಪಕ್ಕದಲ್ಲಿ ಸ್ಕ್ರೂಡ್ರೈವರು, ಇಕ್ಕಳ, ಅಳತೆಯ ಟೇಪು, ಟಾರ್ಚು, ಎಣ್ಣೆಯ ಪುಟ್ಟ ಡಬ್ಬಿ. ಮೆಟ್ಟಿಲು ಹತ್ತಿದರೆ ಪಾತ್ರೆ ಅಂಗಡಿಯೊಂದು ಕಾಲು ಮೂಡಿಸಿಕೊಂಡು ಹತ್ತಿದ ಹಾಗಿರುತ್ತಿತ್ತು. ಕಟ್ಟಡದ ಮಕ್ಕಳು ಅವರನ್ನು ಗಿಲಕಿ ಮಾವ ಎಂದೇ ಕರೆಯುತ್ತಿದ್ದರು. ಅತ್ತೆಯಂತೂ ಬಂದವರ ಮುಂದೆಲ್ಲ ಹೇಳುತ್ತಿದ್ದರು:

"ನನ್ನ ಗಂಡ ಎಲ್ಲಿದ್ದಾರೆ ಅಂತ ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಕಿವಿ ಇದ್ರೆ ಸಾಕು."

ಐದು ಅಂತಸ್ತಿನ ಆ ಹಳೆಯ ಕಟ್ಟಡವನ್ನು ನೋಡಿಕೊಳ್ಳುವ ಕೆಲಸ ಮಾವನದು. ನಲ್ಲಿ ಸೋರಿದರೆ, ಬಲ್ಬು ಹೋದರೆ, ಲಿಫ್ಟು ಮುನಿಸಿಕೊಂಡರೆ, ಬೀಗ ಜಾಮ್ ಆದರೆ ಎಲ್ಲದಕ್ಕೂ ಅವರೇ. ಆ ಕೆಲಸದ ಜೊತೆಗೆ ಕೆಳಗಡೆ ಮೆಟ್ಟಿಲ ಪಕ್ಕದಲ್ಲಿ ಎರಡು ಕೋಣೆಯ ಮನೆ. ಈಗ ಮಾವನ ಮಂಡಿಗಳಿಗೂ ಮೆಟ್ಟಿಲುಗಳಿಗೂ ಮಾತುಕತೆ ನಿಂತುಹೋಗಿತ್ತು. ಅವರು ಪಕ್ಕದ ಬೀದಿಯಲ್ಲಿ ಒಂದು ಮನೆ ನೋಡಿಕೊಂಡು, ಅದರ ಹಿತ್ತಲಲ್ಲಿ ಸಸಿ ಬೆಳೆಸಿ ಮಾರುವ ಯೋಚನೆಯಲ್ಲಿದ್ದರು. ಕಟ್ಟಡದ ಕೆಲಸ ಖಾಲಿಯಾಗಲಿತ್ತು. ಅದು ನನಗೆ ಬೇಕಾಗಿತ್ತು.

"ಡಿಗ್ರಿ ಮಾಡಿ ನಲ್ಲಿ ತಿರುಗಿಸ್ತೀಯಾ?" ಎಂದು ಅಮ್ಮ ಕೇಳಿದಳು. ಬೈಗುಳವಲ್ಲ, ನಿಜವಾದ ಪ್ರಶ್ನೆ. ನಿಜವಾದ ಉತ್ತರ ನನ್ನಲ್ಲಿತ್ತು, ಆದರೆ ಹೇಳಲಿಲ್ಲ. ನಾನು ಅಷ್ಟು ಬೇಗ ಯಾವುದನ್ನೂ ಹೇಳುವವಳಲ್ಲ. ಸಂದರ್ಶನಗಳಿಗೆ ಹೋದಾಗ, ಎದುರಿಗೆ ಕುಳಿತವರು ಹೆಸರು ಕೇಳುತ್ತಿದ್ದಂತೆ ನನ್ನ ಗಂಟಲು ಅಂಗಡಿ ಮುಚ್ಚಿಬಿಡುತ್ತಿತ್ತು. ನಲ್ಲಿ ಹಾಗಲ್ಲ. ನಿಮ್ಮ ಬಗ್ಗೆ ನೀವೇ ನಾಲ್ಕು ಮಾತು ಹೇಳಿ ಎಂದು ನಲ್ಲಿ ಕೇಳುವುದಿಲ್ಲ. ಸೋರುತ್ತದೆ, ವಾಷರು ಬದಲಾಯಿಸಿದರೆ ಸುಮ್ಮನಾಗುತ್ತದೆ. ಚಿಕ್ಕಂದಿನಿಂದ ರಜೆಗೆಲ್ಲ ಮಾವನ ಹಿಂದೆ ಸುತ್ತಿ ನಾನು ಇಷ್ಟನ್ನೂ ಕಲಿತಿದ್ದೆ. ಒಂದು ವಸ್ತು ಕೆಟ್ಟಿತ್ತು, ಈಗ ಸರಿಯಾಯಿತು ಎನ್ನುವ ಸುಖ ಓದಿನಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.

ನಿವಾಸಿಗಳ ಸಂಘದ ಅಧ್ಯಕ್ಷೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೆಟ್ಟಿಲ ಬುಡದಲ್ಲಿ "ಗಲಾಟೆ ಮಾಡಬಾರದು" ಎಂಬ ಬೋರ್ಡು ಹಾಕಿಸಿದವರು ಅವರೇ. ನಾಲ್ಕನೆಯ ಅಂತಸ್ತಿನ ಹುಡುಗಿಯ ಸಂಗೀತ ಪಾಠವನ್ನು ಸಂಜೆ ಆರಕ್ಕೇ ನಿಲ್ಲಿಸಿದವರೂ ಅವರೇ.

"ಒಂದು ತಿಂಗಳು ನೋಡೋಣ," ಎಂದರು. "ಆಮೇಲೆ ಸಭೆಯಲ್ಲಿ ಎಲ್ಲರೂ ಒಪ್ಪಿದ್ರೆ ಇರ್ಲಿ. ಇಲ್ಲಾಂದ್ರೆ ಏಜೆನ್ಸಿಯಿಂದ ಒಬ್ಬರನ್ನ ಕರೆಸ್ತೀವಿ. ಬೇಜಾರು ಮಾಡ್ಕೋಬಾರದು."

ಮೊದಲ ದಿನ ಮಾವ ತಮ್ಮ ಬೆಲ್ಟನ್ನೇ ನನಗೆ ಕಟ್ಟಿದರು. ಮೊಳೆ ಕಾಯಿಸಿ ಎರಡು ಹೊಸ ತೂತು ಮಾಡಿದರೂ ಅದು ಸೊಂಟದಲ್ಲಿ ನಿಲ್ಲಲೊಲ್ಲದು. ಬಳೆಯ ಭಾರಕ್ಕೆ ಪ್ಯಾಂಟು ಒಂದು ಕಡೆ ಜಾರಿ, ನಾನು ಹಾಯಿ ಹರಿದ ದೋಣಿಯ ಹಾಗೆ ವಾಲಿಕೊಂಡು ನಡೆದೆ. ಅದಾದರೂ ಸಹಿಸಬಹುದಿತ್ತು. ಸದ್ದನ್ನು ಸಹಿಸಲಾಗಲಿಲ್ಲ. ಹೆಜ್ಜೆ ಇಟ್ಟರೆ ಝಣ್, ಬಗ್ಗಿದರೆ ಝಣ್, ಉಸಿರೆಳೆದುಕೊಂಡರೂ ಒಂದು ಸಣ್ಣ ಟಿಣ್. ನಾನು ಬಂದೆ, ನಾನು ಬಂದೆ ಎಂದು ಊರಿಗೆಲ್ಲ ಡಂಗುರ ಸಾರಿಕೊಂಡು ಹೋದ ಹಾಗೆ. ಹಾದಿಯುದ್ದಕ್ಕೂ ಬಾಗಿಲು ತೆರೆದು ಮುಖಗಳು ಇಣುಕಿದವು. ಒಂದು ಮಗುವಂತೂ ನನ್ನನ್ನು ನೋಡಿ ಚಪ್ಪಾಳೆ ತಟ್ಟಿತು.

ಆ ಭಾನುವಾರ ಅತ್ತೆಯ ಹೊಲಿಗೆ ಯಂತ್ರದ ಮುಂದೆ ಕುಳಿತೆ. ಹರಿದ ಪ್ರಯಾಣದ ಚೀಲದ ದಪ್ಪ ಪಟ್ಟಿ ತೆಗೆದು ನನ್ನ ಸೊಂಟದ ಅಳತೆಗೆ ಕತ್ತರಿಸಿದೆ. ಮಾವನ ಹಳೆಯ ಕೋಟಿನ ಒಳಗಿನ ಮೆತ್ತನೆಯ ಬಟ್ಟೆ ಬಿಚ್ಚಿ, ಒಂದೊಂದು ಬೀಗದ ಕೈಗೂ ಅದರದೇ ಅಗಲದ ಒಂದೊಂದು ಜೇಬು ಹೊಲಿದೆ. ಜೇಬಿನ ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಟಿಚ್ ಬಟನ್. ಕತ್ತಲೆಯಲ್ಲೂ ಬೆರಳಿಗೆ ಗೊತ್ತಾಗಲೆಂದು ತಾರಸಿಯದಕ್ಕೆ ಒಂದು ಗಂಟು, ಪಂಪಿನ ಮನೆಯದಕ್ಕೆ ಎರಡು ಗಂಟು ದಾರ. ಸ್ಕ್ರೂಡ್ರೈವರಿಗೆ ಕತ್ತಿಗಿದ್ದ ಹಾಗೆ ಒರೆ. ಇಕ್ಕಳ ಮತ್ತು ಸ್ಪ್ಯಾನರಿಗೆ ತೆಳುವಾದ ಹುರಿ. ಕೈ ತಪ್ಪಿದರೂ ನೆಲಕ್ಕೆ ಬೀಳದೆ ಮೊಣಕಾಲ ಬಳಿ ತೂಗಾಡಬೇಕು. ಯಾಕೆಂದರೆ ಮಾವನ ಇಕ್ಕಳ ಒಮ್ಮೆ ಏಣಿಯ ಮೇಲಿಂದ ಜಾರಿ, ಮೊದಲ ಅಂತಸ್ತಿನ ಹಲ್ಲಿನ ಡಾಕ್ಟರ ಹೂವಿನ ಕುಂಡವನ್ನು ನೆಲಸಮ ಮಾಡಿತ್ತು.

ಕಟ್ಟಿಕೊಂಡು ನಿಂತೆ. ಅತ್ತೆ, "ಎಲ್ಲಿ, ಕುಣಿ," ಎಂದರು. ಕುಣಿದೆ.

"ಇನ್ನೊಂದ್ಸಲ."

ಮತ್ತೆ ಕುಣಿದೆ. ನೆಲ ಮಾತ್ರ ಧಡ್ ಎಂದಿತು. ಬೆಲ್ಟು ಮೌನವಾಗಿತ್ತು.

ಮಾವ ಸುತ್ತು ಬಂದು ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡಿದರು. "ಇದು ಬೆಲ್ಟಲ್ಲ ಕಣೇ, ಬ್ಯಾಂಕ್ ಲಾಕರು. ಆದ್ರೆ ಸದ್ದಿಲ್ಲದೆ ಬೀಗದ ಕೈ ಇದೆಯೋ ಬಿತ್ತೋ ಅಂತ ಹೆಂಗೆ ಗೊತ್ತಾಗುತ್ತೆ?"

"ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ ಮಾವ."

"ಅದೂ ಸರಿ," ಎಂದು ಅವರು ಒಪ್ಪಿಕೊಂಡರು. ಅತ್ತೆ ಮಾತ್ರ ನನ್ನನ್ನೂ ಬೆಲ್ಟನ್ನೂ ನೋಡಿ, ಏನೋ ಹೇಳಹೊರಟವರು ನುಂಗಿಕೊಂಡು ನಕ್ಕರು. "ಚೆನ್ನಾಗಿದೆ. ಹಾಕ್ಕೊಂಡು ಓಡಾಡು. ನೋಡೋಣ."

ಆ ಬೆಲ್ಟು ಕಟ್ಟಿಕೊಂಡು ನಾನು ಮೊದಲ ಸಲ ಹಾಯಾಗಿ ನಡೆದೆ. ಬೇಕೆಂದ ಕೂಡಲೇ ಬೇಕಾದ್ದು ಬೆರಳಿಗೆ ಸಿಗುತ್ತಿತ್ತು. ಏಣಿ ಹತ್ತಿದಾಗ ಎರಡೂ ಕೈ ಖಾಲಿ. ಯಾರೂ ಇಣುಕಲಿಲ್ಲ, ಯಾವ ಮಗುವೂ ಚಪ್ಪಾಳೆ ತಟ್ಟಲಿಲ್ಲ. ಮನೆಗಳ ಮುಂದೆ ಗಾಳಿಯ ಹಾಗೆ ಹಾದುಹೋಗುತ್ತಿದ್ದೆ. ಎಡವಟ್ಟಾದದ್ದು ಅಲ್ಲಿಯೇ.

ಮೊದಲು ಮೀಟರಿನ ಕೋಣೆ. ಒಂದು ಫ್ಯೂಸು ನೋಡಲು ಬಾಗಿಲು ತಳ್ಳಿದರೆ, ಒಳಗೆ ಹಲ್ಲಿನ ಡಾಕ್ಟರು. ಕಟ್ಟಡದ ಮಕ್ಕಳನ್ನು ಕಂಡಲ್ಲಿ ನಿಲ್ಲಿಸಿ, ಬಾಯಿ ತೆಗೆಸಿ, ಸಿಹಿ ತಿಂದರೆ ಏನಾಗುತ್ತದೆಂದು ಹೇಳಿ ಅಳಿಸುವ ಮನುಷ್ಯ. ಅವರ ಒಂದು ಕೆನ್ನೆ ಊದಿಕೊಂಡಿತ್ತು. ಕಾಲ ಬಳಿ ಚಾಕಲೇಟಿನ ಬಣ್ಣದ ಕಾಗದಗಳು ಉದುರಿದ್ದವು.

"ಮೀಟರ್ ನೋಡ್ತಿದ್ದೆ," ಎಂದರು. ಕೆನ್ನೆಯೊಳಗಿನದು ಮಾತಿಗೆ ಅಡ್ಡ ಬಂದು, ಅದು "ಮೀತಲ್ ನೋದ್ತಿದ್ದೆ" ಎಂದು ಹೊರಬಿತ್ತು. ನಾನು ಮೀಟರನ್ನೇ ನೋಡಿದೆ. ಅವರೂ ನೋಡಿದರು. ಇಬ್ಬರೂ ಬಹಳ ಹೊತ್ತು ಮೀಟರನ್ನು ನೋಡಿದೆವು.

ಆಮೇಲೆ ತಾರಸಿ. ಮೂರನೆಯ ಅಂತಸ್ತಿನಲ್ಲಿ ಎದುರುಬದುರು ಎರಡು ಮನೆ: ಒಂದು ನಿವೃತ್ತ ಸ್ಟೇಷನ್ ಮಾಸ್ಟರದು, ಇನ್ನೊಂದು ಗಡಿಯಾರ ರಿಪೇರಿಯವರದು. ಇಬ್ಬರ ಹೆಂಡಂದಿರಿಗೂ ಚಪ್ಪಲಿ ಗೂಡು ಯಾರ ಗೋಡೆಗೆ ಅಂಟಿರಬೇಕೆಂಬುದರ ಮೇಲೆ ಜಗಳವಾಗಿ, ಎರಡು ಮನೆಗೂ ಹಾವು ಮುಂಗುಸಿಯ ಸಂಬಂಧ ಎಂದು ಊರಿಗೇ ಗೊತ್ತು. ನೀರಿನ ತೊಟ್ಟಿಯ ಹಿಂದೆ ಪೈಪು ನೋಡಲು ಹೋದ ನನಗೆ ಕಂಡದ್ದು ಇಷ್ಟು: ಬೋರಲು ಹಾಕಿದ ಬಕೆಟ್ಟಿನ ಮೇಲೆ ಚದುರಂಗದ ಹಾಸು, ಅದರ ಆ ಕಡೆ ಹಾವು, ಈ ಕಡೆ ಮುಂಗುಸಿ, ನಡುವೆ ಇಬ್ಬರಿಗೂ ಸೇರಿ ಒಂದೇ ಫ್ಲಾಸ್ಕು.

ಸ್ಟೇಷನ್ ಮಾಸ್ಟರು ನನ್ನನ್ನು ಕಂಡವರೇ ತಕ್ಷಣ ಎದ್ದು ಗುಡುಗಿದರು. "ಆ ಚಪ್ಪಲಿ ಗೂಡು ತೆಗೀರಿ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?" ಅವರ ಬೆರಳುಗಳ ನಡುವೆ ಇನ್ನೂ ಒಂದು ಕುದುರೆ ಇತ್ತು.

"ತೆಗೆಯಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ," ಎಂದು ಗಡಿಯಾರದವರು ಅಷ್ಟೇ ಜೋರಾಗಿ ಹೇಳಿ, ಆ ಗದ್ದಲದಲ್ಲಿ ತಮ್ಮ ಆನೆಯನ್ನು ಒಂದು ಮನೆ ಮುಂದೆ ತಳ್ಳಿದರು.

ಆ ವಾರದ ಕೊನೆಗೆ ಪಂಪಿನ ಮನೆ. ಪಂಪಿನ ಅಡಿಯಲ್ಲಿ ನೀರು ಜಿನುಗುತ್ತಿತ್ತು, ಬಿಗಿಮಾಡಲೆಂದು ಹೋದೆ. ಪಂಪು ಭೋರೆಂದು ಓಡುತ್ತಿತ್ತು. ಅದರ ಜೊತೆಗೆ ಇನ್ನೊಂದು ಧ್ವನಿ. ಒಳಗೆ ನಮ್ಮ ಅಧ್ಯಕ್ಷೆ, ಕಣ್ಣು ಮುಚ್ಚಿಕೊಂಡು, ಕೈಯಲ್ಲಿನ ಟಾರ್ಚನ್ನು ಮೈಕಿನಂತೆ ಬಾಯಿಗೆ ಹಿಡಿದು, ಒಂದು ಪ್ರೇಮಗೀತೆಯನ್ನು ಎದೆ ತುಂಬಿ ಹಾಡುತ್ತಿದ್ದರು. ಚೆನ್ನಾಗಿ ಹಾಡುತ್ತಿದ್ದರು. ನಲ್ಲ ಬರುವ ಸಾಲಿಗೆ ಎಡಗೈ ನಿಧಾನವಾಗಿ ಮೇಲೇರಿ, ನೀರಿನ ಪೈಪಿನ ಕೆನ್ನೆ ಸವರಿತು. ಆಗ ಅವರು ಕಣ್ಣು ತೆರೆದರು.

ನಾನು ಬಾಗಿಲು ಎಳೆದುಕೊಂಡು ಓಡಿದೆ. ಓಡುವಾಗಲೂ ನನ್ನ ಬೆಲ್ಟು ಒಂದು ಸದ್ದೂ ಮಾಡಲಿಲ್ಲ. ಆಗ ಹೊಳೆಯಿತು. ಮಾವ ಮೆಟ್ಟಿಲು ಹತ್ತಲು ಶುರುಮಾಡಿದರೆ ಸಾಕು, ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು. ಅವರು ಬರುವಷ್ಟರಲ್ಲಿ ಚಾಕಲೇಟು ಗಂಟಲಿಳಿದು, ಚದುರಂಗ ಮಡಿಚಿ, ಹಾಡು ನಿಂತಿರುತ್ತಿತ್ತು. ಇಷ್ಟು ವರ್ಷ ಈ ಜನರೆಲ್ಲ ನೆಮ್ಮದಿಯಾಗಿದ್ದದ್ದು ಆ ಗಿಲಗಿಲವನ್ನು ನಂಬಿಕೊಂಡು.

ಮಕ್ಕಳು ನನಗೆ ಬೆಕ್ಕಕ್ಕ ಎಂದು ಹೆಸರಿಟ್ಟರು. ದೊಡ್ಡವರು ನನ್ನನ್ನು ಕಂಡರೆ ಮೊದಲು ನನ್ನ ಕಾಲು ನೋಡತೊಡಗಿದರು. ತಿಂಗಳು ಮುಗಿಯುವ ಹೊತ್ತಿಗೆ ಮಾವ ಚಿಂತೆಯಲ್ಲಿ ಕುಳಿತಿದ್ದರು.

"ನಿನ್ನ ಮೇಲೆ ಏನೋ ದೂರು ಇದೆಯಂತೆ. ಏನು ಅಂದ್ರೆ ಒಬ್ಬರೂ ಬಾಯಿ ಬಿಡ್ತಿಲ್ಲ. ಕೆಲಸದಲ್ಲಿ ತಪ್ಪು ಹುಡುಕೋಕಾಗಲ್ಲ, ನಾನೇ ನೋಡಿದ್ದೀನಲ್ಲ. ನಿನಗೇನಾದ್ರೂ ಗೊತ್ತಾ?"

"ಇಲ್ಲ ಮಾವ," ಎಂದೆ. ಹೇಳುವ ಹಾಗಿರಲಿಲ್ಲ; ಅದು ನನ್ನ ಗುಟ್ಟಾಗಿರಲಿಲ್ಲ. ಕೆಮ್ಮಿಕೊಂಡು ಹೋಗಲು ಪ್ರಯತ್ನಿಸಿದ್ದೆ. ಕೆಮ್ಮು ಬೇಕಾದಾಗ ಬರುವುದಿಲ್ಲ. ಮಾವನ ಬೆಲ್ಟನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು. ಮೊಳೆಗೆ ತೂಗುಹಾಕಿದ್ದ ಅದನ್ನು ನೋಡಿದರೇ ಕಿವಿ ಬಿಸಿಯಾಗುತ್ತಿತ್ತು. ಕೆಲಸವೂ ಬೇಕು, ನನ್ನ ಬೆಲ್ಟೂ ಬೇಕು. ಅತ್ತೆಗೆ ನನ್ನ ಮುಖ ಓದಲು ಬರುತ್ತದೆ. "ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯ," ಎಂದರು ಈರುಳ್ಳಿ ಹೆಚ್ಚುತ್ತಾ. "ಅಗಲ ಕಾಲಿರೋರಿಗೆ ಆಗುತ್ತೆ ಬಿಡು."

ಸಭೆ ಕೆಳಗಿನ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಾನು ಗೋಡೆಗೆ ಒರಗಿ, ಆದಷ್ಟು ಗೋಡೆಯೇ ಆಗಿ ನಿಂತೆ.

ಹಲ್ಲಿನ ಡಾಕ್ಟರು ಎದ್ದರು. "ಹುಡುಗಿ ಒಳ್ಳೆಯವಳು. ಕೆಲಸ ಅಚ್ಚುಕಟ್ಟು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ..."

"ಆದ್ರೆ ಏನು?" ಎಂದರು ಅವರ ಹೆಂಡತಿ, ಪಕ್ಕದ ಕುರ್ಚಿಯಿಂದ.

"ಸದ್ದೇ ಇಲ್ಲ."

"ಸದ್ದಿಲ್ಲದಿದ್ರೆ ನಿಮಗೇನು ಕಷ್ಟ?"

"ನನಗೇನು ಕಷ್ಟ? ನನಗೇನೂ ಇಲ್ಲ. ವಯಸ್ಸಾದವರಿಗೆ ಗಾಬರಿ ಆಗುತ್ತೆ, ಅದಕ್ಕೆ ಹೇಳಿದೆ."

"ಹೌದು," ಎಂದರು ಹಾಲಿನ ಆ ತುದಿಯಿಂದ ಸ್ಟೇಷನ್ ಮಾಸ್ಟರು.

"ಹೌದು," ಎಂದರು ಈ ತುದಿಯಿಂದ ಗಡಿಯಾರದವರು.

ಆ ಇಬ್ಬರ ಬಾಯಿಂದ ಒಂದೇ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಇಬ್ಬರ ಹೆಂಡಂದಿರೂ ಒಟ್ಟಿಗೆ ತಿರುಗಿ ತಮ್ಮತಮ್ಮ ಗಂಡನನ್ನು ನೋಡಿದರು.

"ನಾನು ಅವರ ಮಾತಿಗೆ ಹೌದು ಅಂದಿದ್ದಲ್ಲ," ಎಂದು ಗಡಿಯಾರದವರು ಅವಸರದಲ್ಲಿ ಹೇಳಿದರು. "ಡಾಕ್ಟರ ಮಾತಿಗೆ ಅಂದಿದ್ದು."

ಮಾವನಿಗೆ ತಡೆಯಲಾಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಎದ್ದರು. "ನಾನು ಇಷ್ಟು ವರ್ಷ ಈ ಕಟ್ಟಡದ ಮೂಲೆಮೂಲೆ ಸುತ್ತಿದ್ದೀನಿ. ಹೊತ್ತಲ್ಲದ ಹೊತ್ತಲ್ಲೂ ಹೋಗಿದ್ದೀನಿ. ಒಬ್ಬರಾದ್ರೂ ಒಂದು ದಿನವಾದ್ರೂ ಮಾಡಬಾರದ್ದು ಮಾಡ್ತಿದ್ದದ್ದು ನಾನು ನೋಡಿಲ್ಲ. ಇಂಥ ಜನ ಬೇರೆ ಎಲ್ಲಿ ಸಿಗ್ತಾರೆ? ಅವಳು ಸದ್ದು ಮಾಡ್ಕೊಂಡು ಬಂದ್ರೇನು, ಮಾಡದೆ ಬಂದ್ರೇನು? ಬಚ್ಚಿಡೋ ಅಂಥದ್ದು ಇಲ್ಲಿ ಯಾರ ಹತ್ರ ಇದೆ ಹೇಳಿ."

ಎಲ್ಲರೂ ನೆಲದ ಟೈಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅತ್ತೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು.

"ಅಲ್ಲಾ," ಎಂದರು ಡಾಕ್ಟರ ಹೆಂಡತಿ, ಬಿಡದೆ. "ಬೆಕ್ಕಿಗೆ ಗಂಟೆ ಕಟ್ಬೇಕು ಅಂತ ಎಲ್ಲ ಸೇರಿ ಹೇಳ್ತಿದ್ದೀರಿ. ಗಂಟೆ ಬೇಕಾಗೋದು ಇಲಿಗಳಿಗೆ. ಇಲ್ಲಿ ಇಲಿ ಯಾರು, ಅದನ್ನ ಹೇಳಿ ಮೊದಲು."

ಅಧ್ಯಕ್ಷೆ ಮೇಜಿನ ಮೇಲೆ ಪೆನ್ನು ಕುಟ್ಟಿದರು. ನನ್ನ ಕಡೆ ನೋಡದೆಯೇ, "ಏಜೆನ್ಸಿಯವರಿಗೆ ಹೇಳಿಬಿಟ್ರೆ ಎಲ್ಲರಿಗೂ ಅನುಕೂಲ ಅಂತ ಕಾಣುತ್ತೆ," ಎಂದರು. ಆಮೇಲೆ ಏನನ್ನಿಸಿತೋ, ತಿರುಗಿದರು. "ನೀನೇನು ಹೇಳ್ತೀಯಮ್ಮ?"

ಅಷ್ಟೂ ಮುಖಗಳು ನನ್ನ ಕಡೆ. ಗಂಟಲು ಎಂದಿನಂತೆ ಬಾಗಿಲೆಳೆಯಲು ಹೊರಟಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು, ಬೆರಳಿಗೆ ದಾರದ ಎರಡು ಗಂಟು ಸಿಕ್ಕಿತು. ಈ ಮನುಷ್ಯರು ನನಗಿಂತ ಹೆಚ್ಚು ಹೆದರಿದ್ದಾರೆ ಎಂದು ಆಗ ಕಂಡಿತು. ಎಷ್ಟು ಹೆದರಿದ್ದಾರೆಂದರೆ, ಡಾಕ್ಟರ ಕೆನ್ನೆ ಖಾಲಿಯಿದ್ದರೂ ಅದುರುತ್ತಿತ್ತು.

"ನನಗೆ ಈ ಕೆಲಸ ಬೇಕು," ಎಂದೆ.

ಇಷ್ಟು ಸಣ್ಣ ವಾಕ್ಯ ಅದು. ಯಾವ ಸಂದರ್ಶನದಲ್ಲೂ ಹೊರಗೆ ಬಂದಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು: "ಬೆಲ್ಟು ಬದಲಾಯಿಸಲ್ಲ. ಸದ್ದು ಬೇಕು ಅಂದ್ರೆ ಸದ್ದು ಕೊಡ್ತೀನಿ."

"ಹೇಗೆ?"

ನಾನು ಎರಡು ಮುಚ್ಚಳ ಬಿಚ್ಚಿ, ಎರಡು ಬೀಗದ ಕೈಗಳನ್ನು ಹೊರಗೆಳೆದು ಒಂದರ ಪಕ್ಕ ಒಂದು ಇಳಿಬಿಟ್ಟೆ.

"ಎಲ್ಲಿ, ನಡಿ," ಎಂದರು ಅಧ್ಯಕ್ಷೆ.

ತುಂಬಿದ ಸಭೆಯ ಮುಂದೆ, ಎಲ್ಲರೂ ಕಿವಿಗೊಟ್ಟು ಕುಳಿತಿರುವಾಗ, ಸುಮ್ಮನೆ ನಡೆಯುವುದು. ನನ್ನ ಕೆಟ್ಟ ಕನಸು ಇದ್ದದ್ದೇ ಹೀಗೆ. ನಡೆದೆ. ಟಿಣ್, ಟಿಣ್.

ಗಡಿಯಾರದವರು ತಲೆ ವಾಲಿಸಿ ಆಲಿಸಿದರು. "ಸಣ್ಣದಾಯ್ತು. ಇನ್ನೊಂದು ಸೇರಿಸಮ್ಮ. ದಪ್ಪದ್ದು."

ಇನ್ನೊಂದು ಸೇರಿಸಿದೆ. ಟಿಣಿಕ್, ಟಿಣಿಕ್.

"ಇಲ್ಲಿ ಕೇಳಿದ್ರೆ ಆಯ್ತಾ?" ಎಂದರು ಸ್ಟೇಷನ್ ಮಾಸ್ಟರು. "ಗಾಡಿ ಬರೋದು ದೂರದಿಂದ ಗೊತ್ತಾಗ್ಬೇಕು. ಮೆಟ್ಟಿಲು ಹತ್ತಿ ನೋಡು."

ಅಷ್ಟೂ ಜನ ಎದ್ದು ಮೆಟ್ಟಿಲ ಬುಡಕ್ಕೆ ಬಂದರು. ನಾನು ಹತ್ತಿದೆ. ಕೆಳಗೆ ಗಲಾಟೆ ಮಾಡಬಾರದು ಎಂಬ ಬೋರ್ಡಿನ ಅಡಿಯಲ್ಲಿ ಇಡೀ ಸಂಘ ಕತ್ತೆತ್ತಿ, ಬಾಯಿ ತೆರೆದು, ಉಸಿರು ಹಿಡಿದು ನಿಂತಿತ್ತು.

"ಕೇಳಿಸ್ತಾ?" ಎಂದು ನಾನು ಮೂರನೆಯ ಅಂತಸ್ತಿನಿಂದ ಕೂಗಿದೆ. ನಾನು ಕೂಗಬಲ್ಲೆನೆಂದು ನನಗೇ ತಿಳಿದಿರಲಿಲ್ಲ.

"ಕೇಳಿಸ್ತು," ಎಂದರು ಎಲ್ಲರೂ.

"ಬಹಳ ಚೆನ್ನಾಗಿ ಕೇಳಿಸ್ತು," ಎಂದರು ಡಾಕ್ಟರು. ಅವರ ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಇಳಿದು ಬಂದೆ. ಅಧ್ಯಕ್ಷೆ ಒಬ್ಬರೇ ಇನ್ನೂ ಒಪ್ಪಿರಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಅಲ್ಲ, ಪಂಪು ಓಡ್ತಿರುವಾಗ... ಅಂದ್ರೆ, ಸದ್ದಿನ ಜಾಗದಲ್ಲಿ ಇದು ಕೇಳಿಸಲ್ಲ, ಅಲ್ವಾ?"

"ಪಂಪಿನ ಮನೆಗೆ ಬಂದ್ರೆ ಬಾಗಿಲು ತಟ್ತೀನಿ ಮೇಡಂ," ಎಂದೆ. "ತಟ್ಟಿ, ನಿಲ್ತೀನಿ. ಕರೆದ ಮೇಲೇ ಒಳಗೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಕಿವಿಗಳು ಕೆಂಪಾಗಿದ್ದವು. ಆಮೇಲೆ ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಮೇಲೆ ಹೋಯಿತು.

"ಏಜೆನ್ಸಿ ಬೇಡ," ಎಂದರು ಎಲ್ಲರಿಗೂ ಕೇಳುವಂತೆ. "ಈ ಹುಡುಗಿಯೇ ಇರ್ಲಿ."

ಮಾವ ಕಣ್ಣೊರೆಸಿಕೊಂಡರು. "ನಾನು ಹೇಳಲಿಲ್ವಾ, ಎಂಥಾ ಜನ ಅಂತ."

"ಹೇಳಿದ್ರಿ, ಹೇಳಿದ್ರಿ," ಎಂದು ಅತ್ತೆ ಅವರ ಖಾಲಿ ಸೊಂಟಕ್ಕೆ ಕೈ ಹಾಕಿ ನಡೆಸಿಕೊಂಡು ಹೋದರು. "ಅಬ್ಬಾ, ಕೊನೆಗೂ ಇಲ್ಲಿ ನನ್ನ ಕೈಗೊಂದು ಜಾಗ ಆಯ್ತು."

ಸಂಜೆ ನೀರಿನ ತೊಟ್ಟಿ ನೋಡಲು ಹೊರಟೆ. ಟಿಣಿಕ್, ಟಿಣಿಕ್. ಮೀಟರಿನ ಕೋಣೆಯಲ್ಲಿ ಏನೋ ಪರಪರ ಎಂದಿತು. ನಾನು ಒಂದು ಮೆಟ್ಟಿಲ ಮೇಲೆ ನಿಂತು, ಬಿಗಿಯಾಗಿಯೇ ಇದ್ದ ಪಕ್ಕದ ಕಂಬಿಯ ಸ್ಕ್ರೂವನ್ನು ನಿಧಾನವಾಗಿ ಮತ್ತೊಮ್ಮೆ ಬಿಗಿ ಮಾಡಿದೆ. ಪರಪರ ಮುಗಿದು, ಯಾರೋ ಗಂಟಲು ಸರಿಮಾಡಿಕೊಂಡರು. ಮುಂದೆ ಹೋದೆ. ಇನ್ನೂ ಮೂರನೆಯ ಅಂತಸ್ತು ದಾಟಿರಲಿಲ್ಲ, ಆಗಲೇ ತಾರಸಿಯಿಂದ, "ಆ ಚಪ್ಪಲಿ ಗೂಡು ಇವತ್ತೇ ತೆಗೀಬೇಕು," ಎಂಬ ಗುಡುಗು ಕೇಳಿಬಂತು.

ತೊಟ್ಟಿಗೇನೂ ಅವಸರವಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಮೂರೂ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದೆ. ಮೇಲೆ ಬೈಗುಳ ಸ್ವಲ್ಪ ಹೊತ್ತು ನಡೆಯಿತು, ಆಮೇಲೆ ನಿಂತಿತು.

"ಬರ್ತಿಲ್ಲ ಅಂತ ಕಾಣುತ್ತೆ," ಎಂದಿತು ಒಂದು ಪಿಸುದನಿ. "ನಡೆಸಿ, ನಿಮ್ಮ ಆಟ."

ಫ್ಲಾಸ್ಕಿನ ಮುಚ್ಚಳ ತಿರುಗಿದ ಸದ್ದಾಯಿತು. ನಾನು ಮುಷ್ಟಿ ಬಿಡಲಿಲ್ಲ.